ಪೇಟೆ ಇಲ್ಲದ ಊರು: ನ್ಯೂ ಜೆರ್ಸಿಯ ಎಡಿಸನ್ ಟೌನ್‌ಶಿಪ್

ಅಮ್ಮ ಮೊದಲ ಸಲ ತೀರ್ಥಹಳ್ಳಿಯಿಂದ ನಮ್ಮ ಮನೆಗೆ ಬಂದಾಗ, ಮೂರನೇ ದಿನ ಬೆಳಿಗ್ಗೆ ಕಾಫಿ ಕುಡಿದು, ಸೆರಗು ಸರಿ ಮಾಡಿಕೊಂಡು, ‘ಸರಿ, ಪೇಟೆ ಕಡೆ ಹೋಗಿ ಬರೋಣ್ವಾ?’ ಅಂದರು. ನಾನು ಚಪ್ಪಲಿ ಹಾಕಿಕೊಂಡು ಬಾಗಿಲ ತನಕ ಹೋದವನು ಅಲ್ಲೇ ನಿಂತೆ. ಎಡಿಸನ್ನಿನಲ್ಲಿ ಪೇಟೆ ಎಲ್ಲಿದೆ? ಮಾಲ್ ಇದೆ, ಹೆದ್ದಾರಿ ಪಕ್ಕ ಸಾಲು ಅಂಗಡಿ ಇವೆ, ರೈಲು ನಿಲ್ದಾಣ ಇದೆ. ಆದರೆ ‘ಇದೇ ಊರಿನ ನಡು’ ಅಂತ ಬೆರಳು ತೋರಿಸುವ ಜಾಗ ಇಲ್ಲ. ಲಕ್ಷಕ್ಕೂ ಜಾಸ್ತಿ ಜನ ಇರುವ ಊರಿಗೆ ಒಂದು ಪೇಟೆಬೀದಿ ಇಲ್ಲ ಅಂದರೆ ಅಮ್ಮನಿಗೆ ನಂಬಿಕೆಯೇ ಬರಲಿಲ್ಲ.

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಈ ಬರಹ ಅದರ ಹಿಂದೆ ಹೋದ ಕಥೆ. ಅಮೆರಿಕದ ಉಪನಗರ ಅಂದರೆ ಒಂದೇ ಥರದ ಮನೆ, ಒಂದೇ ಥರದ ಹುಲ್ಲು, ಅದರಲ್ಲಿ ಚರಿತ್ರೆ ಏನಿದೆ ಅನ್ನುವವರು ಜಾಸ್ತಿ. ಎಡಿಸನ್ ಬಗ್ಗೆ ನಾನು ಅದನ್ನು ಒಪ್ಪುವುದಿಲ್ಲ.

ಮೊದಲು ಟೌನ್‌ಶಿಪ್ ಅನ್ನುವ ಪದ. ನಮ್ಮ ಕಡೆ ಟೌನ್‌ಶಿಪ್ ಅಂದರೆ ಕೈಗಾ ಟೌನ್‌ಶಿಪ್ ಥರ: ಕಂಪನಿ ಕಟ್ಟಿಸಿದ ಕ್ವಾರ್ಟರ್ಸು, ಗೇಟು, ಒಳಗೊಂದು ಶಾಲೆ, ಒಂದು ಆಸ್ಪತ್ರೆ. ನ್ಯೂ ಜೆರ್ಸಿಯಲ್ಲಿ ಅದು ಸ್ಥಳೀಯ ಆಡಳಿತದ ಒಂದು ಬಗೆ. ಸುಮಾರಾಗಿ ನಮ್ಮ ಹೋಬಳಿಯಷ್ಟು ನೆಲ, ಅದರೊಳಗೆ ಚದುರಿಕೊಂಡ ಹಳ್ಳಿಗಳು, ಇಡೀ ನೆಲಕ್ಕೆ ಒಂದು ಸರ್ಕಾರ ಅಂತ ಊಹಿಸಿಕೊಳ್ಳಿ. ಕರ್ನಾಟಕದ ಎಂಟನೇ ಒಂದು ಭಾಗದಷ್ಟೂ ಇಲ್ಲದ ಆ ರಾಜ್ಯದಲ್ಲಿ ಇಂಥ ಸ್ಥಳೀಯ ಸರ್ಕಾರಗಳು 560ಕ್ಕೂ ಹೆಚ್ಚಿವೆ: ಟೌನ್‌ಶಿಪ್, ಬರೋ, ಸಿಟಿ, ಟೌನ್, ವಿಲೇಜ್ ಅಂತ ಐದು ಬಗೆ. ರಾಜ್ಯದ ಒಂದಿಂಚು ನೆಲವೂ ಇವುಗಳಿಂದ ಹೊರಗಿಲ್ಲ. ಎಡಿಸನ್ನಿಗೆ ತನ್ನದೇ ಮೇಯರ್, ಏಳು ಜನರ ಕೌನ್ಸಿಲ್, ತನ್ನದೇ ಪೊಲೀಸ್, ಬೇರೆಯಾಗಿ ಚುನಾಯಿತವಾದ ಶಾಲಾ ಮಂಡಳಿ ಇವೆ. ಮನೆ ತೆರಿಗೆಯ ದೊಡ್ಡ ಪಾಲು ಶಾಲೆಗೆ ಹೋಗುತ್ತದೆ. ಅದಕ್ಕೇ ಇಲ್ಲಿ ಗಡಿ ಅನ್ನುವುದು ಬರೀ ನಕ್ಷೆಯ ಗೆರೆಯಲ್ಲ. ರಸ್ತೆಯ ಆಚೆ ಬದಿಯ ಮನೆಗೆ ಬೇರೆ ಶಾಲೆ, ಬೇರೆ ತೆರಿಗೆ, ಬೇರೆ ಬೆಲೆ ಇರಬಹುದು.

ಈಗ ಜಾಗ. ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್‌ನಿಂದ ನೈಋತ್ಯಕ್ಕೆ ಸುಮಾರು 50 ಕಿಲೋಮೀಟರ್, ಮಿಡ್ಲ್‌ಸೆಕ್ಸ್ ಕೌಂಟಿ. ತೆಂಕಣ ಅಂಚಿನಲ್ಲಿ ರ‍್ಯಾರಿಟನ್ ನದಿ. ವಿಸ್ತೀರ್ಣ ಸುಮಾರು 79 ಚದರ ಕಿಲೋಮೀಟರ್. ನಕ್ಷೆ ತೆಗೆದು ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ನಡುವಿನ ತೂತು. ಉದ್ದಿನ ವಡೆಯ ಥರ. ಆ ತೂತು ಮೆಟಚನ್ ಅನ್ನುವ ಇನ್ನೊಂದು ಊರು. ಸುತ್ತ ನಾಲ್ಕೂ ಕಡೆ ಎಡಿಸನ್, ನಡುವೆ ಏಳು ಚದರ ಕಿಲೋಮೀಟರ್ ಚಿಲ್ಲರೆ ಜಾಗದ ಮೆಟಚನ್. ಅಲ್ಲಿ ರೈಲು ನಿಲ್ದಾಣದ ಪಕ್ಕ ಚಂದದ ಮೇನ್ ಸ್ಟ್ರೀಟ್ ಇದೆ, ನಡೆದಾಡಲು ಫುಟ್‌ಪಾತ್ ಇದೆ, ಕಾಫಿ ಅಂಗಡಿ ಇವೆ. ಅಮ್ಮ ಕೇಳಿದ ಪೇಟೆ ಇರುವುದು ಅಲ್ಲಿ. ಆದರೆ ಅದು ಎಡಿಸನ್ನಿನದಲ್ಲ.

ಒಂದು ಕಾಲದಲ್ಲಿ ಎಲ್ಲ ಒಂದೇ ಆಗಿತ್ತು. 1870ರ ಮಾರ್ಚ್ 17ರಂದು, ಪಿಸ್ಕಾಟವೇ ಮತ್ತು ವುಡ್‌ಬ್ರಿಜ್ ಅನ್ನುವ ಎರಡು ಹಳೇ ಟೌನ್‌ಶಿಪ್‌ಗಳಿಂದ ನೆಲ ಬಿಡಿಸಿ ರ‍್ಯಾರಿಟನ್ ಟೌನ್‌ಶಿಪ್ ಮಾಡಿದರು. ಅದೇ ಇವತ್ತಿನ ಎಡಿಸನ್. ಬಾನಮ್‌ಟೌನ್, ಸ್ಟೆಲ್ಟನ್, ಓಕ್ ಟ್ರೀ, ಮೆನ್ಲೋ ಪಾರ್ಕ್, ಮೆಟಚನ್ ಅಂತ ಚದುರಿದ ಹಳ್ಳಿಗಳು. ಇವುಗಳಲ್ಲಿ ಮೆಟಚನ್ ರೈಲಿನಿಂದ ಬೆಳೆಯಿತು. 1890ರ ದಶಕದಲ್ಲಿ ನ್ಯೂ ಜೆರ್ಸಿಯ ತುಂಬ ಬೇರೆಯಾಗುವ ಜ್ವರ ಹಬ್ಬಿತ್ತು. ಶಾಲೆಗಳನ್ನು ಟೌನ್‌ಶಿಪ್ ಮಟ್ಟದಲ್ಲಿ ಒಟ್ಟು ಮಾಡುವ ಕಾನೂನು 1894ರಲ್ಲಿ ಬಂತು. ಮನೆ ದಟ್ಟವಾಗಿದ್ದ, ದುಡ್ಡಿದ್ದ ಭಾಗದವರು ‘ನಮ್ಮ ತೆರಿಗೆ ನಮ್ಮ ಬೀದಿಗೆ, ನಮ್ಮ ಶಾಲೆಗೆ ಇರಲಿ’ ಅಂತ ಒಂದೊಂದೇ ಬರೋ ಆಗಿ ಸಿಡಿದು ಹೋದರು. ಆ ಅಲೆಯ ಬಾಲದಲ್ಲೇ 1900ರಲ್ಲಿ ಮೆಟಚನ್ ಹೋಯಿತು. 1905ರಲ್ಲಿ ನದಿ ಕಡೆಯ ಹೈಲ್ಯಾಂಡ್ ಪಾರ್ಕ್ ಹೋಯಿತು. ಅಣ್ಣತಮ್ಮಂದಿರು ಪಾಲಾದಾಗ ಜಗಲಿ, ನಡುಮನೆ ಒಬ್ಬರಿಗೆ ಹೋಗಿ ಗದ್ದೆ, ಬ್ಯಾಣ ಇನ್ನೊಬ್ಬರಿಗೆ ಉಳಿಯುತ್ತದಲ್ಲ, ಹಾಗೆ. ಉಳಿದದ್ದು ಹೊಲ, ಜೌಗು, ಜೇಡಿಮಣ್ಣಿನ ಗುಂಡಿ ಮತ್ತು ಒಂದು ಊರನ್ನು ಇನ್ನೊಂದಕ್ಕೆ ಸೇರಿಸುವ ದಾರಿಗಳು.

ಮೆನ್ಲೋ ಪಾರ್ಕ್ ಬಗ್ಗೆ ಸ್ವಲ್ಪ ನಿಲ್ಲಬೇಕು, ಊರಿಗೆ ಹೆಸರು ಬಂದದ್ದೇ ಅದರಿಂದ. ಅದು ಮೂಲದಲ್ಲಿ ಸೋತುಹೋದ ಲೇಔಟು. ರೈಲು ಹಳಿಯ ಪಕ್ಕ ಸೈಟು ಮಾಡಿ ಮಾರಲು ಹೊರಟರು, ಕೊಳ್ಳುವವರು ಬರಲಿಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಥಾಮಸ್ ಎಡಿಸನ್ ಅಲ್ಲಿ ನೆಲ ತೆಗೆದುಕೊಂಡರು, ಅಪ್ಪನನ್ನು ಕರೆಸಿ ಕಟ್ಟಡದ ಉಸ್ತುವಾರಿ ವಹಿಸಿದರು, 1876ರ ವಸಂತದಲ್ಲಿ ಪ್ರಯೋಗಾಲಯ ಶುರುವಾಯಿತು. 1877ರ ಕೊನೆಯಲ್ಲಿ ಫೋನೋಗ್ರಾಫ್. 1879ರ ಅಕ್ಟೋಬರ್‌ನಲ್ಲಿ ಗಂಟೆಗಟ್ಟಲೆ ಉರಿದ ವಿದ್ಯುತ್ ಬಲ್ಬು. ಅದೇ ವರ್ಷ ಡಿಸೆಂಬರ್ 31ರ ರಾತ್ರಿ ಜನರಿಗೆ ತೋರಿಸಿದರು. ನೋಡಲು ರೈಲು ತುಂಬಿಕೊಂಡು ಜನ ಬಂದರು. ಆವರೆಗೆ ಒಬ್ಬನೇ ಕೂತು ಮಾಡುತ್ತಿದ್ದ ಸಂಶೋಧನೆಯನ್ನು ಎಡಿಸನ್ ಇಲ್ಲಿ ಒಂದು ಕಾರ್ಖಾನೆ ಮಾಡಿದರು. ಕೆಲವೇ ವರ್ಷಗಳಲ್ಲಿ ಸುಮಾರು 400 ಪೇಟೆಂಟ್ ಈ ಮೂಲೆಯಿಂದ ಹೊರಟವು.

ನಮ್ಮ ಕಡೆಗೂ ಇಲ್ಲಿಂದ ಒಂದು ಎಳೆ ಬರುತ್ತದೆ. ಎಡಿಸನ್ ಕಂಪನಿ ಇನ್ನೊಂದರ ಜೊತೆ ಸೇರಿ 1892ರಲ್ಲಿ ಜನರಲ್ ಎಲೆಕ್ಟ್ರಿಕ್ ಆಯಿತು. ಮೈಸೂರು ಸಂಸ್ಥಾನ ಶಿವನಸಮುದ್ರದಲ್ಲಿ ವಿದ್ಯುತ್ ಮಾಡಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕಳಿಸಿದಾಗ ಯಂತ್ರ ಕೊಟ್ಟದ್ದು ಅದೇ ಜನರಲ್ ಎಲೆಕ್ಟ್ರಿಕ್. 1905ರಲ್ಲಿ ಬೆಂಗಳೂರಿನ ಬೀದಿಗೆ ಬೆಳಕು ಬಂತು. ಮೆನ್ಲೋ ಪಾರ್ಕಿನ ಕ್ರಿಸ್ಟಿ ಸ್ಟ್ರೀಟ್ ಬೆಳಗಿ ಆಗ ಕಾಲು ಶತಮಾನ ಆಗಿತ್ತು.

ಆ ಕ್ರಿಸ್ಟಿ ಸ್ಟ್ರೀಟಿಗೆ ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಸುತ್ತ ಸಾದಾ ಮನೆಗಳು, ಯಾರೋ ಹುಲ್ಲು ಕತ್ತರಿಸುತ್ತಿದ್ದರು, ನಡುವೆ ಸುಮ್ನೆ ನಿಂತಿರುವ ಒಂದು ಕಾಂಕ್ರೀಟ್ ಗೋಪುರ. ನಲವತ್ತು ಮೀಟರ್ ಎತ್ತರ ಇರಬಹುದು, ತುದಿಯಲ್ಲಿ ನಾಲ್ಕು ಮೀಟರ್ ಉದ್ದದ ಗಾಜಿನ ಬಲ್ಬು. 1938ರ ಫೆಬ್ರವರಿ 11ರಂದು, ಎಡಿಸನ್ ಹುಟ್ಟಿದ ದಿನವೇ, ಇದನ್ನು ಉದ್ಘಾಟಿಸಿದರು. ಪಕ್ಕದಲ್ಲಿ ಪುಟ್ಟ ಮ್ಯೂಸಿಯಂ. ‘ಪ್ರಯೋಗಾಲಯ ಎಲ್ಲಿ?’ ಅಂತ ಅಮ್ಮ ಕೇಳಿದರು. ಇಲ್ಲ. ಹೆಂಡತಿ ಮೇರಿ 1884ರಲ್ಲಿ ತೀರಿಕೊಂಡ ಮೇಲೆ ಎಡಿಸನ್ ಮೆನ್ಲೋ ಪಾರ್ಕನ್ನು ಬಿಟ್ಟರು, ಮುಂದೆ ವೆಸ್ಟ್ ಆರೆಂಜ್‌ನಲ್ಲಿ ಹೊಸ ಪ್ರಯೋಗಾಲಯ ಕಟ್ಟಿದರು. ಇಲ್ಲಿನ ಕಟ್ಟಡಗಳು ಪಾಳುಬಿದ್ದವು. 1929ರ ಹೊತ್ತಿಗೆ ಹೆನ್ರಿ ಫೋರ್ಡ್ ಉಳಿದದ್ದನ್ನು ಮಿಶಿಗನ್ನಿನ ಡಿಯರ್‌ಬಾರ್ನ್‌ಗೆ ಸಾಗಿಸಿ, ತಮ್ಮ ಮ್ಯೂಸಿಯಂ ಊರಿನಲ್ಲಿ ಮತ್ತೆ ಎಬ್ಬಿಸಿದರು. ಇಲ್ಲಿಯ ಕೆಂಪು ಮಣ್ಣನ್ನೂ ತುಂಬಿಕೊಂಡು ಹೋದರು. ಅಮ್ಮ ಗೋಪುರದ ಬುಡದಲ್ಲಿ ಬಗ್ಗಿ ನೆಲ ನೋಡಿದರು. ‘ನಮ್ಮ ತೋಟದ ಮಣ್ಣಿನ ಹಂಗೇ ಉಂಟಲ್ಲೋ’ ಅಂದರು.

ಇಪ್ಪತ್ತನೇ ಶತಮಾನದಲ್ಲಿ ಈ ಉಳಿದ ನೆಲಕ್ಕೆ ಬಂದದ್ದು, ಬೇರೆ ಊರುಗಳಿಗೆ ತಮ್ಮ ನಡುವೆ ಬೇಡವಾದದ್ದು. ನದಿಯ ಪಕ್ಕ ಮದ್ದುಗುಂಡಿನ ಕಾರ್ಖಾನೆ. ಲೂಯಿಸ್ ನಿಕ್ಸನ್ ಅನ್ನುವ ಉದ್ಯಮಿಯ ಹೆಸರಿನ ಆ ಜಾಗದಲ್ಲಿ 1924ರ ಮಾರ್ಚ್ 1ರಂದು ಆದ ಸ್ಫೋಟಕ್ಕೆ ಸುಮಾರು 20 ಜನ ಸತ್ತರು, ಪಕ್ಕದ ವಸತಿ ನೆಲಸಮ ಆಯಿತು. 1917ರಲ್ಲಿ ಸೇನೆ ರ‍್ಯಾರಿಟನ್ ಆರ್ಸೆನಲ್ ಅನ್ನುವ ಶಸ್ತ್ರಾಗಾರ ಕಟ್ಟಿತು. 1960ರ ದಶಕದಲ್ಲಿ ಅದು ಮುಚ್ಚಿದ ಮೇಲೆ ಒಂದು ಭಾಗ ಕಾಲೇಜು ಆಯಿತು, ಇನ್ನೊಂದು ಭಾಗ ಗೋದಾಮುಗಳ ದೊಡ್ಡ ಕೈಗಾರಿಕಾ ಪ್ರದೇಶ. ಎರಡನೇ ಮಹಾಯುದ್ಧದಲ್ಲಿ ಯೂರೋಪಿಗೆ ಹಡಗು ಹತ್ತುವ ಸೈನಿಕರಿಗೆ ಕ್ಯಾಂಪ್ ಕಿಲ್ಮರ್. ಅದೇ ಬ್ಯಾರಕ್ಕುಗಳಲ್ಲಿ, ಹಂಗೆರಿಯ ದಂಗೆ ಮುರಿದುಬಿದ್ದ ಮೇಲೆ 1956-57ರಲ್ಲಿ ಸುಮಾರು 30,000 ನಿರಾಶ್ರಿತರು ಅಮೆರಿಕದ ಮೊದಲ ರಾತ್ರಿಗಳನ್ನು ಕಳೆದರು. ಈ ಕೊನೆಯ ವಿಷಯ ಇಲ್ಲಿ ಹತ್ತಾರು ವರ್ಷದಿಂದ ಇರುವ ನಮ್ಮವರಿಗೂ ಗೊತ್ತಿಲ್ಲ. ಗೊತ್ತಿರಬೇಕು ಅಂತ ನನಗೆ ಅನ್ನಿಸುತ್ತದೆ. ಸೂಟ್‌ಕೇಸು ಹಿಡಿದು ಬಂದವರು ಕಾಲಿಟ್ಟ ಜಾಗ ಇದು, ನಮಗಿಂತ ಬಹಳ ಮುಂಚಿನಿಂದ.

ಹೆಸರು ಬದಲಾದದ್ದು 1954ರಲ್ಲಿ. ನ್ಯೂ ಜೆರ್ಸಿಯಲ್ಲಿ ರ‍್ಯಾರಿಟನ್ ಅನ್ನುವ ಹೆಸರಿನ ಊರುಗಳು ಬೇರೆಯೂ ಇದ್ದವು. ಜನರೇ ಸಹಿ ಸಂಗ್ರಹಿಸಿ ಮತಕ್ಕೆ ಹಾಕಿಸಿದರು, ನಿಕ್ಸನ್ ಅನ್ನುವ ಹೆಸರೂ ಮಾತಿಗೆ ಬಂದಿತ್ತು, ಕೊನೆಗೆ ನವೆಂಬರ್ 10ರಂದು ಎಡಿಸನ್ ಆಯಿತು. ಎಡಿಸನ್ ಇಲ್ಲಿಂದ ಹೋಗಿ ಆಗ ಎಪ್ಪತ್ತು ವರ್ಷ!

ಜನಸಂಖ್ಯೆ ನೋಡಿ. 1950ರ ಜನಗಣತಿಯಲ್ಲಿ 16,348. 1960ರಲ್ಲಿ 44,799. 1970ರಲ್ಲಿ 67,120. ಇಪ್ಪತ್ತು ವರ್ಷದಲ್ಲಿ ನಾಲ್ಕು ಪಟ್ಟು. ಏನಾಯಿತು? ಯುದ್ಧದಿಂದ ಬಂದ ಸೈನಿಕರಿಗೆ ಸರ್ಕಾರದ ಖಾತರಿಯ ಮನೆ ಸಾಲ ಸಿಕ್ಕಿತು. ಹೆದ್ದಾರಿಗಳು ಬಂದವು: ರೂಟ್ 1 ಮತ್ತು 27 ಮೊದಲೇ ಇದ್ದವು, 1950ರ ದಶಕದಲ್ಲಿ ಟರ್ನ್‌ಪೈಕ್ ಮತ್ತು ಗಾರ್ಡನ್ ಸ್ಟೇಟ್ ಪಾರ್ಕ್‌ವೇ, ಆಮೇಲೆ 287. ಎಲ್ಲವೂ ಇದೇ ಊರಿನ ಮೇಲೋ ಪಕ್ಕದಲ್ಲೋ ಹಾದುಹೋದವು, ಯಾಕಂದರೆ ನ್ಯೂಯಾರ್ಕ್‌ನಿಂದ ಫಿಲಡೆಲ್ಫಿಯಾಗೆ ಹೋಗುವ ದಾರಿ ಮೊದಲಿನಿಂದಲೂ ಇದೇ, ಮತ್ತು ಬಿಡಿ ಹೊಲ ಉಳಿದಿದ್ದೂ ಇಲ್ಲೇ. 1948ರಲ್ಲಿ ಫೋರ್ಡ್ ಕಾರಿನ ಕಾರ್ಖಾನೆ ಬಂತು. ಮಸ್ಟ್ಯಾಂಗ್, ಪಿಂಟೋ, ಎಸ್ಕಾರ್ಟ್, ರೇಂಜರ್ ಎಲ್ಲ ಅಲ್ಲಿಂದ ಹೊರಬಂದವು. 1959ರಲ್ಲಿ ಮೆನ್ಲೋ ಪಾರ್ಕ್ ಶಾಪಿಂಗ್ ಸೆಂಟರ್ ಬಂತು. ಹೊಲಗಳು ಒಂದೊಂದಾಗಿ ಸೈಟಾದವು. ಪೇಟೆ ಕಟ್ಟಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಎಲ್ಲರ ಹತ್ತಿರ ಕಾರಿತ್ತು, ಕಾರು ನಿಲ್ಲಿಸಲು ಮಾಲಿನ ಮುಂದೆ ಜಾಗ ಇತ್ತು.

ಅವಸರದಲ್ಲಿ ಬೆಳೆದ ಊರಿನ ನೆಲದೊಳಗೆ ಏನಿದೆ ಅನ್ನುವುದು 1994ರ ಮಾರ್ಚ್ 23ರ ಮಧ್ಯರಾತ್ರಿಯ ಹೊತ್ತಿಗೆ ತಿಳಿಯಿತು. ಅಪಾರ್ಟ್‌ಮೆಂಟುಗಳ ಪಕ್ಕದಲ್ಲೇ ಹೋಗಿದ್ದ 36 ಇಂಚಿನ ಗ್ಯಾಸ್ ಪೈಪು ಒಡೆದು, ಬೆಂಕಿ ನೂರಾರು ಅಡಿ ಎದ್ದಿತು, ಎಂಟು ಕಟ್ಟಡ ಸುಟ್ಟುಹೋದವು. ಹಿಂದೆ ಯಾವಾಗಲೋ ಅಗೆಯುವ ಯಂತ್ರ ತಗುಲಿ ಪೈಪಿಗೆ ಗೀರು ಬಿದ್ದಿತ್ತು ಅಂತ ತನಿಖೆಯಲ್ಲಿ ಗೊತ್ತಾಯಿತು. ಜನ ಬರಿಗಾಲಲ್ಲಿ ಓಡಿ ಬದುಕಿದರು. ಹೃದಯಾಘಾತದಿಂದ ಒಬ್ಬರು ತೀರಿಕೊಂಡರು. ಅಷ್ಟು ದೊಡ್ಡ ಬೆಂಕಿಯಲ್ಲಿ ಸಾವು ಒಂದಕ್ಕೇ ನಿಂತದ್ದು ಪವಾಡವೇ ಸರಿ.

ಇನ್ನು ನಮ್ಮವರ ಕಥೆ. 1965ರ ವಲಸೆ ಕಾನೂನು ಬಾಗಿಲು ತೆರೆದ ಮೇಲೆ ಭಾರತದಿಂದ ಎಂಜಿನಿಯರುಗಳು, ವೈದ್ಯರು, ವಿಜ್ಞಾನಿಗಳು ಬಂದರು. ಮಧ್ಯ ನ್ಯೂ ಜೆರ್ಸಿಯಲ್ಲಿ ಔಷಧ ಕಂಪನಿಗಳಿದ್ದವು, ದೂರವಾಣಿ ಸಂಶೋಧನಾ ಕೇಂದ್ರಗಳಿದ್ದವು, ನ್ಯೂಯಾರ್ಕಿಗೆ ನೇರ ರೈಲಿತ್ತು. ಎಡಿಸನ್ನಿನಲ್ಲಿ ಬಾಡಿಗೆ ಅಪಾರ್ಟ್‌ಮೆಂಟು ಧಾರಾಳವಾಗಿದ್ದವು. 1990ರ ದಶಕದಲ್ಲಿ ಎಚ್-1ಬಿ ವೀಸಾದ ಮೇಲೆ ಸಾಫ್ಟ್‌ವೇರಿನವರು ಬಂದರು, ನನ್ನಂಥವರು. ನಮ್ಮ ದಾರಿ ಎಲ್ಲರಿಗೂ ಒಂದೇ: ಮೊದಲು ಬಾಡಿಗೆ ಅಪಾರ್ಟ್‌ಮೆಂಟು, ನಾಲ್ವರು ಸೇರಿ ಅಡುಗೆ, ಆಮೇಲೆ ಮದುವೆ, ಆಮೇಲೆ ಮಗು, ಆಮೇಲೆ ‘ಉತ್ತರ ಎಡಿಸನ್ನಿನ ಶಾಲೆ ಚೆನ್ನಾಗಿದೆಯಂತೆ’ ಅಂತ ಮನೆ ಹುಡುಕಾಟ. 2000ರ ಜನಗಣತಿಯಲ್ಲಿ ಊರಿನ ಶೇಕಡಾ 17ಕ್ಕೂ ಹೆಚ್ಚು ಜನ ಭಾರತೀಯ ಮೂಲದವರು. 2010ರಲ್ಲಿ ಶೇಕಡಾ 28. 2020ರಲ್ಲಿ ಒಟ್ಟು ಜನಸಂಖ್ಯೆ 1,07,588. ಚೀನೀಯರು, ಬೇರೆ ಏಷ್ಯಾದವರನ್ನೂ ಸೇರಿಸಿದರೆ ಏಷ್ಯಾ ಮೂಲದವರು ಅರ್ಧಕ್ಕಿಂತ ಜಾಸ್ತಿ.

ಪೇಟೆ ಹುಟ್ಟಿದ್ದು ಹೀಗೆ. ಊರಿನ ಪೂರ್ವದ ಅಂಚಿನಲ್ಲಿ ಓಕ್ ಟ್ರೀ ರೋಡ್ ಇದೆ. ಓಕ್ ಟ್ರೀ ಅನ್ನುವುದು ಹಳೇ ಹಳ್ಳಿಯ ಹೆಸರು. 1777ರ ಜೂನ್‌ನಲ್ಲಿ ಆ ಸುತ್ತಮುತ್ತ ವಾಷಿಂಗ್ಟನ್‌ರ ಸೇನೆಗೂ ಬ್ರಿಟಿಷರಿಗೂ ಕಾಳಗ ನಡೆದಿತ್ತು. ಮಾಲುಗಳು ಬಂದ ಮೇಲೆ ರಸ್ತೆ ಬದಿಯ ಸಣ್ಣ ಅಂಗಡಿಗಳು ಸೊರಗಿದ್ದವು, ಬಾಡಿಗೆ ಕಡಿಮೆ ಇತ್ತು. 1990ರ ಆಸುಪಾಸಿನಲ್ಲಿ ಗುಜರಾತಿ ವ್ಯಾಪಾರಿಗಳು ಬಂದು ದಿನಸಿ ಅಂಗಡಿ, ಸೀರೆ ಅಂಗಡಿ, ಚಿನ್ನದ ಅಂಗಡಿ ತೆರೆದರು. ನಡು ಬರಿದಾಗಿದ್ದ ಊರಿಗೆ ಅಂಚಿನಲ್ಲಿ ಪೇಟೆ ಬೆಳೆಯಿತು. ಅದರಲ್ಲೂ ಒಂದು ದೊಡ್ಡ ಭಾಗ ಗಡಿಯಾಚೆ, ವುಡ್‌ಬ್ರಿಜ್ ಟೌನ್‌ಶಿಪ್ಪಿನ ಇಸೆಲಿನ್‌ನಲ್ಲಿದೆ. 1870ರಲ್ಲಿ ಯಾವ ವುಡ್‌ಬ್ರಿಜ್‌ನಿಂದ ನೆಲ ಬಿಡಿಸಿಕೊಂಡಿದ್ದರೋ, ಅದೇ ವುಡ್‌ಬ್ರಿಜ್ ಜೊತೆ ಎಡಿಸನ್ ಈಗ ತನ್ನ ಪೇಟೆಯನ್ನು ಹಂಚಿಕೊಂಡಿದೆ. ಬೀದಿಯಲ್ಲಿ ನಡೆಯುವ ಯಾರಿಗೂ ಆ ಗಡಿ ಕಾಣುವುದಿಲ್ಲ.

ಶನಿವಾರ ಸಂಜೆ ಅಲ್ಲಿ ಹೋಗಿ ನೋಡಬೇಕು. ಪಾನ್ ಅಂಗಡಿಯ ಮುಂದೆ ಸಾಲು. ದಿನಸಿ ಅಂಗಡಿಯಲ್ಲಿ ಕರಿಬೇವಿನ ಪೊಟ್ಟಣ ಎತ್ತಿ, ಎಲೆ ಕಪ್ಪಾಗಿದೆಯಾ ಅಂತ ದೀಪಕ್ಕೆ ಹಿಡಿದು ನೋಡುವ ಅಜ್ಜಿಯರು. ಬೆಂಡೆಕಾಯಿಯ ತುದಿ ಮುರಿದು ನೋಡಬೇಡಿ ಅಂತ ಇಂಗ್ಲಿಷಿನಲ್ಲೂ ಗುಜರಾತಿಯಲ್ಲೂ ಬೋರ್ಡು, ಅದರ ಕೆಳಗೇ ಮುರಿದ ತುದಿಗಳು. ಹೊರಗೆ ಬೆಂಚಿನ ಮೇಲೆ ಸ್ವೆಟರ್ ಹಾಕಿಕೊಂಡ ನಾಲ್ಕು ಜನ ಅಜ್ಜಂದಿರು, ಮಕ್ಕಳು ಕಾರಿನಲ್ಲಿ ಬಿಟ್ಟುಹೋದವರು, ವಾಪಸ್ ಕರೆದುಕೊಂಡು ಹೋಗುವ ತನಕ ಮಾತು. ಅಮ್ಮ ಅವರನ್ನು ನೋಡಿ ನಿಂತುಬಿಟ್ಟರು. ಮನೆಯಲ್ಲಿ ಇಡೀ ದಿನ ಕಿಟಕಿ ಪಕ್ಕ ಕೂತು, ‘ಇಲ್ಲಿ ಜನ ಇದ್ದಾರೋ ಇಲ್ಲವೋ, ಒಬ್ಬರೂ ರಸ್ತೇಲಿ ಕಾಣ್ಸಲ್ಲ’ ಅನ್ನುತ್ತಿದ್ದವರು ಅವರು.

ಇದೆಲ್ಲ ಸಲೀಸಾಗಿ ಆಗಲಿಲ್ಲ. 1990ರ ದಶಕದಲ್ಲಿ ಹಳೇ ಆರ್ಸೆನಲ್ ಜಾಗದಲ್ಲಿ ದೊಡ್ಡ ಟೆಂಟು ಹಾಕಿ ನವರಾತ್ರಿಯ ಗರ್ಬಾ ರಾತ್ರಿಯಿಡೀ ನಡೆಯುತ್ತಿತ್ತು. ಸದ್ದು, ಟ್ರಾಫಿಕ್ಕು ಅಂತ ದೂರು ಬಂದು, ಟೌನ್‌ಶಿಪ್ ಕಟ್ಟುಪಾಡು ಹಾಕಿ, ವಿಷಯ ಫೆಡರಲ್ ಕೋರ್ಟಿನ ಮೆಟ್ಟಿಲೇರಿತು. 2010ರಲ್ಲಿ ಇದೇ ಊರಲ್ಲಿ ಬೆಳೆದ ಅಂಕಣಕಾರರೊಬ್ಬರು ದೊಡ್ಡ ಪತ್ರಿಕೆಯೊಂದರಲ್ಲಿ ‘ನಮ್ಮೂರು ನಮ್ಮೂರಾಗಿ ಉಳಿದಿಲ್ಲ’ ಅನ್ನುವ ಧಾಟಿಯಲ್ಲಿ ಬರೆದರು, ನಮ್ಮವರಿಗೆ ನೋವಾಯಿತು, ಪತ್ರಿಕೆ ಕ್ಷಮೆ ಕೇಳಿತು. 2017ರ ಶಾಲಾ ಮಂಡಳಿ ಚುನಾವಣೆಗೆ ಮುಂಚೆ ಮನೆಮನೆಗೆ ಒಂದು ಅನಾಮಧೇಯ ಕಾರ್ಡು ಬಂತು. ಚೀನೀಯರು, ಭಾರತೀಯರು ಊರನ್ನು ಆಕ್ರಮಿಸುತ್ತಿದ್ದಾರೆ ಅಂತ ಬರೆದು, ಇಬ್ಬರು ಅಭ್ಯರ್ಥಿಗಳ ಚಿತ್ರದ ಮೇಲೆ ‘ಗಡೀಪಾರು’ ಅಂತ ಅರ್ಥ ಬರುವ ಮುದ್ರೆ ಒತ್ತಿದ್ದರು. ಆ ಇಬ್ಬರೂ ಗೆದ್ದರು. ಊರು ಅದಕ್ಕೂ ಮುಂಚೆಯೇ, 2005ರಲ್ಲಿ, ಕೊರಿಯಾ ಮೂಲದ ಜುನ್ ಚೋಯ್ ಅವರನ್ನು ಮೇಯರ್ ಮಾಡಿತ್ತು. 2022ರ ಜನವರಿಯಲ್ಲಿ ಸ್ಯಾಮ್ ಜೋಶಿ ಮೊದಲ ಭಾರತೀಯ ಮೂಲದ ಮೇಯರ್ ಆದರು.

ಹಳಬರ ಬೇಸರವನ್ನು ನಾನು ಪೂರ್ತಿ ತಳ್ಳಿಹಾಕಲಾರೆ. 2004ರಲ್ಲಿ ಫೋರ್ಡ್ ಕಾರ್ಖಾನೆ ಮುಚ್ಚಿತು. ಮೂವತ್ತು ವರ್ಷ ಅಲ್ಲಿ ಕಾರು ಜೋಡಿಸಿದವರಿಗೆ, ರೂಟ್ 1ರ ಅದೇ ಜಾಗದಲ್ಲಿ ಅಂಗಡಿ ಸಾಲು ನೋಡಿದಾಗ ಏನನ್ನಿಸಬಹುದು? ನಮ್ಮೂರಿನ ಅಡಿಕೆ ಮಂಡಿ ಮುಚ್ಚಿ ಶೋರೂಂ ಬಂದರೆ ನನಗೂ ಕರುಳು ಚುರ್ ಅನ್ನುತ್ತದೆ. ಆದರೆ ಆ ಕಾರ್ಖಾನೆಯನ್ನು ಮುಚ್ಚಿಸಿದ್ದು ಕರಿಬೇವು ಕೊಳ್ಳುವ ಅಜ್ಜಿಯಲ್ಲ.

ಕನ್ನಡದವರು ಇಲ್ಲಿ ಗುಜರಾತಿ, ತೆಲುಗಿನವರಷ್ಟು ಕಣ್ಣಿಗೆ ಬೀಳುವುದಿಲ್ಲ. ನ್ಯೂ ಜೆರ್ಸಿಯ ಕನ್ನಡ ಕೂಟ ಬೃಂದಾವನದ ಯುಗಾದಿ, ರಾಜ್ಯೋತ್ಸವಗಳಲ್ಲಿ ಒಬ್ಬರಿಗೊಬ್ಬರು ಸಿಗುತ್ತೇವೆ. ಉಡುಪಿಯ ಪುತ್ತಿಗೆ ಮಠದ ಶ್ರೀಕೃಷ್ಣ ವೃಂದಾವನ ಎಡಿಸನ್ನಿನಲ್ಲೇ ಇದೆ. ಅಲ್ಲಿ ಊಟದ ಪಂಕ್ತಿಯಲ್ಲಿ ಸಾರು ಬಡಿಸುವವರು ‘ಇನ್ನೂ ಸ್ವಲ್ಪ?’ ಅಂತ ಕೇಳುವ ಧಾಟಿಯಲ್ಲೇ ಅವರು ಕುಂದಾಪುರದವರೋ ಮೈಸೂರಿನವರೋ ಅಂತ ಅಮ್ಮ ಹೇಳಿಬಿಡುತ್ತಾರೆ.

ನನ್ನ ದೂರು ಒಂದೇ, ಅದು ದಾರಿಯದ್ದು. ನಮ್ಮ ಮನೆಯಿಂದ ಓಕ್ ಟ್ರೀ ರೋಡಿಗೆ ಮೂರು ಕಿಲೋಮೀಟರ್ ಇಲ್ಲ. ತೀರ್ಥಹಳ್ಳಿಯಲ್ಲಿ ಅಮ್ಮ ದಿನಾ ಅದಕ್ಕಿಂತ ಜಾಸ್ತಿ ನಡೆಯುತ್ತಾರೆ. ಇಲ್ಲಿ ಫುಟ್‌ಪಾತ್ ಅರ್ಧಕ್ಕೆ ನಿಂತು ಹುಲ್ಲಿನಲ್ಲಿ ಕರಗಿಹೋಗುತ್ತದೆ, ಆಮೇಲೆ ನಾಲ್ಕು ಲೇನಿನ ರಸ್ತೆ. ಒಂದು ದಿನ ನಾನು ಆಫೀಸಿನಲ್ಲಿದ್ದಾಗ ಹೇಳದೆ ಹೊರಟು, ಆ ರಸ್ತೆ ದಾಟಲಾಗದೆ ಹದಿನೈದು ನಿಮಿಷ ನಿಂತು ವಾಪಸ್ ಬಂದಿದ್ದರು. ಇಷ್ಟು ಜನ ಅಜ್ಜ ಅಜ್ಜಿಯರು ವರ್ಷಕ್ಕೆ ಆರು ತಿಂಗಳು ಬಂದಿರುವ ಊರು ಅವರ ಕಾಲಿಗೆ ದಾರಿ ಮಾಡಿಕೊಡಬೇಕು. ಕೌನ್ಸಿಲ್ ಸಭೆಯಲ್ಲಿ ಸಾರ್ವಜನಿಕರು ಮಾತಾಡಲು ಸಮಯ ಕೊಡುತ್ತಾರೆ. ನಾನು ಎರಡು ಸಲ ಎದ್ದು ನಿಂತು ಇದನ್ನೇ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ.

ಕಳೆದ ಸಲ ಬಂದಾಗ ಅಮ್ಮನಿಗೆ ಎಪ್ಪತ್ನಾಲ್ಕು. ವಿಮಾನ ಇಳಿದ ಮರುದಿನ, ಹತ್ತು ಗಂಟೆಗೆ ತಯಾರಾಗಿ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಊರಿಂದ ತಂದ ಬಟ್ಟೆ ಚೀಲ. ‘ಪೇಟೆಗೆ ಬಿಟ್ಟು ಹೋಗೋ. ಅಲ್ಲಿ ಬೆಂಚಿನ ಮೇಲೆ ಕೂತಿರ್ತೀನಿ. ಸಂಜೆ ಬಾ.’ ಯಾವ ಪೇಟೆ ಅಂತ ನಾನು ಕೇಳಲಿಲ್ಲ.